ಪಶ್ಚಿಮಕ್ಕೆ ಹಳ್ಳ

ನನ್ನ ಕ್ರಯಪತ್ರದ ಷೆಡ್ಯೂಲಿನಲ್ಲಿ ‘ಪಶ್ಚಿಮಕ್ಕೆ ಹಳ್ಳ’ ಎಂದಿದೆ. ಈ ಎರಡು ಪದಕ್ಕೆ ನಾನು ತೆತ್ತದ್ದು 2,67,300 ರೂಪಾಯಿ.

2021ರಲ್ಲಿ ಸೊರಬ ತಾಲ್ಲೂಕಿನಲ್ಲಿ, ಶಿಕಾರಿಪುರದ ಗಡಿಗೆ ಹತ್ತಿರ, 20 ಗುಂಟೆ ಅಡಿಕೆ ತೋಟ ಕೊಂಡೆ. ಗುಂಟೆಗೆ 50 ಸಾವಿರ. ಪೂರ್ತಿ ಹಿಸ್ಸಾ ಆದ್ದರಿಂದ 11ಇ ನಕ್ಷೆಯ ತಾಪತ್ರಯವಿರಲಿಲ್ಲ. ‘ಹದ್ದುಬಸ್ತು ಮಾಡಿಸ್ಕೊಂಡೇ ಬರೆಸೋ ಮಾರಾಯ’ ಎಂದು ಭಾವ ಹೇಳಿದ್ದರು. ಅಷ್ಟರಲ್ಲಿ ಬೇರೆ ಗಿರಾಕಿ ಬರುತ್ತಾನೆ ಎಂದ ದಲ್ಲಾಳಿ. ಭಾವನನ್ನು ಬಿಟ್ಟು ದಲ್ಲಾಳಿಯ ಮಾತು ಕೇಳಿದೆ. ಪತ್ರ ಬರೆಯುವವರು ಹಳೇ ಪತ್ರದ ಚಕ್ಕುಬಂದಿಯನ್ನೇ ಇಳಿಸಿದರು. ಪೂರ್ವಕ್ಕೆ ಇಂಥವರ ಜಮೀನು (ಆ ಪುಣ್ಯಾತ್ಮ ತೀರಿಕೊಂಡು, ಮಕ್ಕಳು ಪಾಲಾಗಿ ಎಷ್ಟೋ ಕಾಲವಾಗಿತ್ತು), ಪಶ್ಚಿಮಕ್ಕೆ ಹಳ್ಳ.

ಮೂರು ವರ್ಷದ ಮೇಲೆ ಬೇಲಿ ತಕರಾರು ಬಂದು ಅಳತೆ ಹಾಕಿಸಿದೆ. ಸರ್ವೆಯರ್ ಪಶ್ಚಿಮದ ನಾಲ್ಕು ಸಾಲು ಮರಗಳ ಕಡೆ ಕೈ ಮಾಡಿ, ‘ಸಾರ್, ಹಳ್ಳ ಇಲ್ಲಿದೆ’ ಎಂದರು. ನಾನು ಹಳ್ಳ ಅಂದುಕೊಂಡಿದ್ದದ್ದು ಆಚೆ ಯಾರೋ ತೋಡಿದ ಕಾಲುವೆ. ನಿಜವಾದ ಹಳ್ಳಕ್ಕೆ ಯಾವ ಕಾಲದಲ್ಲೋ ಮಣ್ಣು ತುಂಬಿ ಸಸಿ ಹಾಕಿದ್ದರು. ಪಹಣಿಯ 3ನೇ ಕಾಲಂನಲ್ಲಿ ಎಲ್ಲ ಬರೆದೇ ಇತ್ತು. ಒಟ್ಟು 20 ಗುಂಟೆ, ‘ಬ’ ಖರಾಬು (ಅಂದರೆ ಸರ್ಕಾರದ್ದು) 4, ಉಳಿದದ್ದು 16. ನಾನು 9ನೇ ಕಾಲಂನಲ್ಲಿ ಮಾರುವವರ ಹೆಸರಿದೆಯಾ ಎಂದಷ್ಟೇ ನೋಡಿದ್ದೆ.

ಲೆಕ್ಕ ಹಾಕೋಣ. 4 ಗುಂಟೆಗೆ 2,00,000. ಅದರ ಮೇಲೆ ಮುದ್ರಾಂಕ 5, ಸೆಸ್ 0.5, ಸರ್‌ಚಾರ್ಜ್ 0.15, ಆಗಿನ ನೋಂದಣಿ ಶುಲ್ಕ 1, ಸೇರಿ ಶೇ 6.65; ಅಂದರೆ 13,300. ಸಾಲದ ಬಡ್ಡಿ ಶೇ 9ರಂತೆ ಮೂರು ವರ್ಷಕ್ಕೆ 54,000. ಸರ್ಕಾರದ ಹಳ್ಳ ಕೊಳ್ಳಲು ಸರ್ಕಾರಕ್ಕೇ ಮುದ್ರಾಂಕ ಕಟ್ಟಿದವನು ನಾನು!

1908ರ ನೋಂದಣಿ ಕಾಯ್ದೆಯ 21ನೇ ಕಲಂ ಸ್ವತ್ತನ್ನು ಗುರುತು ಹಿಡಿಯುವಷ್ಟು ವಿವರ ಪತ್ರದಲ್ಲಿರಬೇಕು ಎನ್ನುತ್ತದೆ. ಆ ವಿವರ ನೆಲದ ಮೇಲೆ ಹಾಗೇ ಇದೆಯೇ ಎಂದು ಉಪನೋಂದಣಾಧಿಕಾರಿ ಬಂದು ನೋಡುವುದಿಲ್ಲ. ನಮ್ಮ ಈ ಎರಡು ತಾಲ್ಲೂಕುಗಳ ತುಂಬ ದಾನಶಾಸನದ ಕಲ್ಲುಗಳಿವೆ. ಭೂಮಿ ಕೊಟ್ಟವರು ಕೆರೆ, ಮರ, ನಟ್ಟ ಕಲ್ಲು ಹೆಸರಿಸಿ ಎಲ್ಲೆ ಹೇಳುತ್ತಿದ್ದರು. ನಾವು ಜೆರಾಕ್ಸ್ ನೋಡಿ ಜೆರಾಕ್ಸ್ ಬರೆಸುತ್ತೇವೆ.

ಇನ್ನು ರೆವಿನ್ಯೂ ಸೈಟು. ‘ಬಸ್‌ಸ್ಟ್ಯಾಂಡಿಂದ ಐದೇ ನಿಮಿಷ’ ಎಂಬ ಕರಪತ್ರ ಹಿಡಿದು ಸಲಹೆ ಕೇಳಲು ಬರುವವರಿಗೆ ನನ್ನಲ್ಲಿ ತಾಳ್ಮೆ ಉಳಿದಿಲ್ಲ. ಭೂಪರಿವರ್ತನೆಯಿಲ್ಲ, ಪೋಡಿಯಿಲ್ಲ, ಸೈಟಿನ ಮೂಲೆ ತೋರಿಸಲು ಸುಣ್ಣದ ಗೆರೆ. ಮೊದಲ ಮಳೆಗೆ ಅದೂ ಇಲ್ಲ. ಟಿ.ವಿ. ಕೊಳ್ಳುವಾಗ ಮೂರು ಅಂಗಡಿ ಸುತ್ತುವವರು ಜಮೀನಿನ ನಾಲ್ಕು ಮೂಲೆಗೆ ನಡೆಯಲು ಯಾಕೆ ಸೋಮಾರಿತನ ಮಾಡುತ್ತಾರೋ. ಸಂಜೆ ಮೊಬೈಲ್ ಉಜ್ಜುವ ಹೊತ್ತು ಸಾಕು.

ಮುಂಗಡ ಕೊಡುವ ಮುಂಚೆ ಚಕ್ಕುಬಂದಿ ಕೈಯಲ್ಲಿ ಹಿಡಿದು, ಪಕ್ಕದ ಜಮೀನಿನವರನ್ನು ಕರೆದುಕೊಂಡು ಒಂದು ಸುತ್ತು ಬನ್ನಿ. ಹಳ್ಳ ಎಂದಿದ್ದರೆ ನಕ್ಷೆಯಲ್ಲಿ ಅದೆಲ್ಲಿದೆ ನೋಡಿ. ನನ್ನ ಆ ನಾಲ್ಕು ಸಾಲು ಮರಗಳು ಈ ವರ್ಷವೂ ಕೊನೆ ಬಿಟ್ಟಿವೆ. ಇಳಿಸಲು ಕೊನೆಗಾರನಿಗೆ ಹೇಳಿಲ್ಲ.