ಅಳಿಸಿಹೋದ ಪರೀಕ್ಷೆ: ಕಂಪೈಲರ್ ಮತ್ತು ಸ್ಮೃತಿಯ ಕಾವಲು

ಗಣಕಯಂತ್ರಕ್ಕೆ ನಾವು ಬರೆದುಕೊಡುವ ಆಜ್ಞೆಗಳು ಬರೆದ ಕ್ರಮದಲ್ಲಿಯೇ, ಬರೆದಷ್ಟೂ ನಡೆಯುತ್ತವೆಂದು ಅನೇಕ ವಿದ್ಯಾರ್ಥಿಗಳು ಭಾವಿಸುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಸಿ ಭಾಷೆಯಲ್ಲಿ ಬರೆದುದನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್, ವೇಗವನ್ನು ಹೆಚ್ಚಿಸುವ ಸಲುವಾಗಿ, ಅನಾವಶ್ಯಕವೆಂದು ತನಗೆ ತೋರಿದ ಭಾಗಗಳನ್ನು ತೆಗೆದುಹಾಕುತ್ತದೆ. ಹಾಗೆ ತೆಗೆದುಹಾಕಿದ್ದು ಕಾವಲುಗಾರನನ್ನೇ ಆದರೆ ಏನಾದೀತು? 2009ರಲ್ಲಿ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ ಇಂಥದೇ ಒಂದು ಪ್ರಸಂಗ ಬೆಳಕಿಗೆ ಬಂದಿತು.

ಕರ್ನೆಲ್ ಎಂದರೆ ಕಾರ್ಯವ್ಯವಸ್ಥೆಯ ತಿರುಳು. ಸಾಮಾನ್ಯ ಪ್ರೋಗ್ರಾಮುಗಳು ತಮಗೆ ಗೊತ್ತುಮಾಡಿದ ಸ್ಮೃತಿಭಾಗವನ್ನು ಮಾತ್ರ ಮುಟ್ಟಬಲ್ಲವು. ಕರ್ನೆಲ್ಲಿಗಾದರೋ ಸಮಸ್ತ ಸ್ಮೃತಿಯೂ ತೆರೆದಿದೆ. ಆದುದರಿಂದ ಸಂಶಯಾಸ್ಪದವಾದ ವಿಳಾಸವನ್ನು ಮುಟ್ಟುವ ಮುನ್ನ ಅದು ಸರಿಯಾದುದೇ ಎಂದು ತಾನೇ ಪರೀಕ್ಷಿಸಿಕೊಳ್ಳಬೇಕು. ವಿಳಾಸವನ್ನು ಹಿಡಿದಿಡುವ ಚರಕ್ಕೆ ಪಾಯಿಂಟರ್ ಎಂದು ಹೆಸರು. ಅದರ ಬೆಲೆ ಶೂನ್ಯವಾಗಿದ್ದರೆ ಅದು ಯಾವ ವಸ್ತುವನ್ನೂ ತೋರಿಸುತ್ತಿಲ್ಲವೆಂದು ಅರ್ಥ.

ಲಿನಕ್ಸಿನ ಟನ್ ಎಂಬ ಜಾಲ ಡ್ರೈವರಿನಲ್ಲಿ ಎರಡು ಆಜ್ಞೆಗಳು ಹಿಂದುಮುಂದಾಗಿದ್ದವು. ಮೊದಲನೆಯದು, ಪಾಯಿಂಟರ್ ತೋರಿಸುವ ಸ್ಥಳದಿಂದ ಮಾಹಿತಿಯನ್ನು ತೆಗೆದುಕೊಳ್ಳುವುದು. ಅನಂತರದ್ದು, ಪಾಯಿಂಟರ್ ಶೂನ್ಯವಾಗಿದ್ದರೆ ದೋಷವೆಂದು ಹೇಳಿ ಹಿಂದಿರುಗುವುದು. ಬೀಜಗಣಿತದಲ್ಲಿ ವಿದ್ಯಾರ್ಥಿಯೊಬ್ಬನು ಒಂದು ರಾಶಿಯನ್ನು ‘ಕ್ಷ’ದಿಂದ ಭಾಗಿಸಿ, ಮುಂದಿನ ಸಾಲಿನಲ್ಲಿ “ಕ್ಷ ಶೂನ್ಯವಾದರೆ ಇಲ್ಲಿಗೆ ನಿಲ್ಲಿಸು” ಎಂದು ಬರೆದನೆನ್ನಿ. ಭಾಗಿಸಿದ್ದಾಗಿದೆ, ಶೂನ್ಯದಿಂದ ಭಾಗಿಸುವುದು ನಿಷಿದ್ಧ, ಆದುದರಿಂದ ಕ್ಷ ಶೂನ್ಯವಲ್ಲ, ಎರಡನೆಯ ಸಾಲು ವ್ಯರ್ಥ! ಜಿಸಿಸಿ ಕಂಪೈಲರ್ ಮಾಡಿದ ತರ್ಕವೂ ಇದೇ. ಶೂನ್ಯ ಪಾಯಿಂಟರನ್ನು ಅನುಸರಿಸಿದರೆ ಆಗುವ ಫಲವನ್ನು ಸಿ ಭಾಷೆಯ ನಿಯಮಗಳು ನಿರ್ಧರಿಸಿಲ್ಲ. ಆದಕಾರಣ ಅದು ಪರೀಕ್ಷೆಯನ್ನೇ ಅಳಿಸಿಬಿಟ್ಟಿತು. ಮೂಲಗ್ರಂಥವನ್ನು ಓದುವವರ ಕಣ್ಣಿಗೆ ಪರೀಕ್ಷೆ ಸ್ಪಷ್ಟವಾಗಿ ಕಾಣುತ್ತಿತ್ತು. ಯಂತ್ರಭಾಷೆಯಲ್ಲಿ ಅದರ ಸುಳಿವೇ ಇರಲಿಲ್ಲ.

ತರ್ಕದಲ್ಲಿ ದೋಷವಿಲ್ಲ, ಆದರೆ ಕರ್ನೆಲ್ಲಿನ ಲೋಕವೇ ಬೇರೆ. ಶೂನ್ಯ ವಿಳಾಸದಲ್ಲಿ ಸಾಧಾರಣವಾಗಿ ಏನೂ ಇರುವುದಿಲ್ಲ. ಮುಟ್ಟಿದೊಡನೆ ಕೆಲಸ ಮುರಿದು ಬೀಳುತ್ತದೆ. ಅಂದಿನ ಲಿನಕ್ಸಿನಲ್ಲಿಯಾದರೋ ಬಳಕೆದಾರನು ಅಲ್ಲಿ ತನ್ನದೇ ಒಂದು ಪುಟವನ್ನು ಇರಿಸುವ ಸಾಧ್ಯತೆಯಿತ್ತು. ಅದಕ್ಕೊಂದು ತಡೆ ಇದ್ದಿತಾದರೂ ಅದನ್ನು ದಾಟುವ ದಾರಿಗಳೂ ಇದ್ದವು. ಆಗ ಮೊದಲ ಆಜ್ಞೆ ನಿರ್ವಿಘ್ನವಾಗಿ ನಡೆದು, ಕರ್ನೆಲ್ ಬಳಕೆದಾರನು ಬರೆದಿಟ್ಟ ಕೃತಕ ಮಾಹಿತಿಯನ್ನೇ ನಂಬಿ ಮುಂದುವರಿಯುತ್ತದೆ. ಇದರಿಂದ ಯಂತ್ರದ ಪೂರ್ಣಾಧಿಕಾರವನ್ನೇ ಕೈವಶ ಮಾಡಿಕೊಳ್ಳಬಹುದೆಂದು ಬ್ರಾಡ್ ಸ್ಪೆಂಗ್ಲರ್ ಎಂಬವರು ಆ ವರ್ಷದ ಜುಲೈ ತಿಂಗಳಲ್ಲಿ ತೋರಿಸಿಕೊಟ್ಟರು.

ಪರಿಹಾರ ಎರಡು ಬಗೆಯದಾಯಿತು. ಆಜ್ಞೆಗಳ ಕ್ರಮವನ್ನು ತಿದ್ದಲಾಯಿತು. ಜೊತೆಗೆ, ಶೂನ್ಯಪರೀಕ್ಷೆಗಳನ್ನು ಅಳಿಸಕೂಡದೆಂಬ ಸೂಚನೆಯನ್ನು ಕೊಟ್ಟೇ ಕರ್ನೆಲ್ಲನ್ನು ಕಂಪೈಲ್ ಮಾಡುವ ಪದ್ಧತಿ ಬಂದಿತು. ನನಗೆ ಎರಡನೆಯದೇ ಹೆಚ್ಚು ಮುಖ್ಯವೆಂದು ತೋರುತ್ತದೆ. ಮೊದಲನೆಯದು ಒಂದು ಸಾಲನ್ನು ಮಾತ್ರ ಸರಿಪಡಿಸಿತು.

ಕಾವಲನ್ನು ಕಂಪೈಲರಿನ ಕೈಯಿಂದಲೇ ಹಾಕಿಸುವ ಉಪಾಯವೂ ಉಂಟು. 2015ರಲ್ಲಿ ಲಿನಕ್ಸಿನ 4.0ನೆಯ ಆವೃತ್ತಿಗೆ ಸೇರಿದ ಕೇಸಾನ್ ಎಂಬ ಸಾಧನವು ಸ್ಮೃತಿಯ ಪ್ರತಿ 8 ಬೈಟುಗಳಿಗೆ 1 ಬೈಟಿನ ‘ನೆರಳನ್ನು’ ಇಡುತ್ತದೆ. ನೆರಳಿನಲ್ಲಿ 0 ಇದ್ದರೆ ಎಂಟೂ ಬೈಟುಗಳನ್ನು ಮುಟ್ಟಬಹುದು. 1ರಿಂದ 7ರವರೆಗಿನ ಸಂಖ್ಯೆ ಇದ್ದರೆ ಮೊದಲ ಅಷ್ಟು ಬೈಟುಗಳನ್ನು ಮಾತ್ರ. ಋಣಸಂಖ್ಯೆ ಇದ್ದರೆ ಯಾವುದನ್ನೂ ಮುಟ್ಟುವಂತಿಲ್ಲ. ಸ್ಮೃತಿಯನ್ನು ಮುಟ್ಟುವ ಆಜ್ಞೆಗಳ ಮುಂದೆ ಈ ನೆರಳನ್ನು ನೋಡುವ ಆಜ್ಞೆಯನ್ನು ಕಂಪೈಲರೇ ಸೇರಿಸುತ್ತದೆ.

ಇಲ್ಲಿಯೂ ಹಳೆಯ ತೊಡಕು ತಪ್ಪಲಿಲ್ಲ. ಕೇಸಾನ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಬೇಕೆಂದೇ ತಪ್ಪು ವಿಳಾಸವನ್ನು ಮುಟ್ಟುವ ಪ್ರಯೋಗಗಳನ್ನು ಬರೆದಿದ್ದಾರೆ. ಓದಿದ ಬೆಲೆಯನ್ನು ಯಾರೂ ಬಳಸದಿದ್ದರೆ ಕಂಪೈಲರ್ ಆ ಓದನ್ನೇ ಕೈಬಿಡಬಹುದು. ತಪ್ಪೇ ನಡೆಯದಿದ್ದ ಮೇಲೆ ಹಿಡಿಯುವುದೇನನ್ನು? ಇಂಥ ಪ್ರಯೋಗಗಳಲ್ಲಿ ಪಾಯಿಂಟರನ್ನು ಒಂದು ಬರಿದಾದ ಅಸೆಂಬ್ಲಿ ಹೇಳಿಕೆಯ ಮೂಲಕ ಹಾಯಿಸುತ್ತಾರೆ. ಅದರಿಂದ ಯಂತ್ರಭಾಷೆಗೆ ಒಂದು ಆಜ್ಞೆಯೂ ಸೇರುವುದಿಲ್ಲ; ಆದರೆ ಅದನ್ನು ದಾಟಿ ಬಂದ ಪಾಯಿಂಟರಿನ ಬೆಲೆ ಏನೆಂದು ಊಹಿಸಲು ಕಂಪೈಲರಿಗೆ ಆಧಾರವಿರುವುದಿಲ್ಲ.