ಕುಂಟುವ ಕುದುರೆಯೂ ಕೈಚಿಕಿತ್ಸೆಯೂ

ಬೆನ್ನು ನೊಂದರೆ ಮನುಷ್ಯನು ಬಾಯಿಬಿಟ್ಟು ಹೇಳುತ್ತಾನೆ. ಕುದುರೆಗೆ ಆ ಸೌಕರ್ಯವಿಲ್ಲ. ಅದು ಹೆಜ್ಜೆಯನ್ನು ಮೊಟಕುಗೊಳಿಸುವುದು. ಒಂದು ಪಕ್ಕಕ್ಕೆ ತಿರುಗಲು ಹಿಂಜರಿಯುವುದು. ಜೀನು ಹಾಕುವಾಗ ಬೆನ್ನನ್ನು ತಗ್ಗಿಸುವುದು. ನೋವಿನ ನೆಲೆಯನ್ನು ಇಂತಹ ಚಿಹ್ನೆಗಳಿಂದಲೇ ಊಹಿಸಬೇಕು. ಪಾಶ್ಚಾತ್ಯ ದೇಶಗಳಲ್ಲಿ ಇಂತಹ ಕುದುರೆಗಳಿಗೆ ‘ಆಸ್ಟಿಯೋಪತಿ’ ಎಂಬ ಕೈಚಿಕಿತ್ಸೆಯನ್ನು ಮಾಡಿಸುವ ರೂಢಿಯುಂಟು. ಚಿಕಿತ್ಸಕನು ಕುದುರೆಯ ಕತ್ತು, ಬೆನ್ನು, ಸೊಂಟಗಳನ್ನು ಬೆರಳುಗಳಿಂದ ಒತ್ತಿ ನೋಡಿ, ಬಿಗಿದ ಕಡೆಗಳಲ್ಲಿ ಮೆಲ್ಲನೆ ಎಳೆದು, ಬಾಗಿಸಿ, ಸಡಿಲಗೊಳಿಸುತ್ತಾನೆ. ಬಳಿಕ ಕುದುರೆ ಸಲೀಸಾಗಿ ನಡೆಯಿತೆಂದು ಒಡೆಯನು ಸಂತೋಷಪಡುತ್ತಾನೆ. ಅದು ನಿಜವಾಗಿಯೂ ಸುಧಾರಿಸಿತೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಭೌತವಿಜ್ಞಾನವು ನೆರವಾಗುವ ಬಗೆಯನ್ನು ಇಲ್ಲಿ ನೋಡೋಣ.

ಆಸ್ಟಿಯೋಪತಿಯ ಮೂಲಪುರುಷನು ಅಮೆರಿಕದ ವೈದ್ಯ ಆಂಡ್ರೂ ಟೇಲರ್ ಸ್ಟಿಲ್ (1828–1917). 1864ರಲ್ಲಿ ಆತನ ಮೂವರು ಮಕ್ಕಳು ಮಿದುಳುಪೊರೆಯ ಉರಿಯೂತದಿಂದ ತೀರಿಕೊಂಡರು. ಅಂದಿನ ಔಷಧಗಳಲ್ಲಿ ನಂಬಿಕೆ ಕಳೆದುಕೊಂಡ ಆತನು, ಮೂಳೆ ಮಾಂಸಖಂಡಗಳ ವ್ಯವಸ್ಥೆಯನ್ನು ಸರಿಪಡಿಸಿದರೆ ದೇಹವು ತಾನಾಗಿಯೇ ಗುಣಹೊಂದುವುದೆಂಬ ತತ್ತ್ವವನ್ನು 1874ರಲ್ಲಿ ಸಾರಿದನು. 1892ರಲ್ಲಿ ಮಿಸೂರಿ ಸಂಸ್ಥಾನದ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ ಒಂದು ಶಾಲೆಯನ್ನೂ ತೆರೆದನು. ಮನುಷ್ಯರಿಗಾಗಿ ಹುಟ್ಟಿದ ಈ ಪದ್ಧತಿ ಮುಂದೆ ಕುದುರೆಯ ಲಾಯವನ್ನೂ ಹೊಕ್ಕಿತು.

“ಮೂಳೆ ಜಾರಿತ್ತು, ಕೂರಿಸಿದೆ” ಎಂದು ಕೆಲವು ಚಿಕಿತ್ಸಕರು ಹೇಳುವುದುಂಟು. ಈ ಮಾತನ್ನು ಒರೆಗೆ ಹಚ್ಚಬೇಕು. ಕುದುರೆಯ ಕತ್ತಿನಲ್ಲಿ 7, ಎದೆಯ ಭಾಗದಲ್ಲಿ ಸಾಮಾನ್ಯವಾಗಿ 18, ಸೊಂಟದಲ್ಲಿ 6 ಕಶೇರುಮಣಿಗಳಿರುತ್ತವೆ. ಅವುಗಳ ಹಿಂದಿನ 5 ಮಣಿಗಳು ಒಂದಾಗಿ ಬೆಸೆದುಕೊಂಡಿವೆ. ಸುಮಾರು 500 ಕಿಲೋಗ್ರಾಂ ತೂಕದ ದೇಹವನ್ನು ಹೊತ್ತು ಓಡಬೇಕಾದ ಈ ಮೂಳೆಗಳನ್ನು ಬಲವಾದ ಅಸ್ಥಿರಜ್ಜುಗಳು ಬಿಗಿದಿವೆ. ಬೆನ್ನೆಲುಬು ಸೊಂಟದ ಎಲುಬನ್ನು ಕೂಡುವ ಕೀಲಿನಲ್ಲಂತೂ ಚಲನೆ ಅತ್ಯಲ್ಪ. ಇಲ್ಲಿ ಮೂಳೆ ನಿಜವಾಗಿಯೂ ಸ್ಥಾನ ತಪ್ಪಿದ್ದರೆ ಅದು ಘೋರವಾದ ಗಾಯವೇ ಸರಿ. ಕೈಯಿಂದ ಒತ್ತಿ ಕೂರಿಸುವಂಥದಲ್ಲ. ಕೈಯ ಸ್ಪರ್ಶದಿಂದ ಪರಿಣಾಮವೇನಾದರೂ ಆಗುವುದಾದರೆ ಅದು ಮಾಂಸಖಂಡಗಳ ಬಿಗಿತ ಹಾಗೂ ನೋವಿನ ಸಂವೇದನೆಗಳ ಮೂಲಕ ಆಗುವುದೆಂದು ಭಾವಿಸುವುದು ಹೆಚ್ಚು ಯುಕ್ತ.

ಇನ್ನು ನಡಿಗೆಯನ್ನು ಅಳೆಯುವ ವಿಚಾರ. ನಿಂತ ಕುದುರೆಯ ಭಾರದಲ್ಲಿ ಸುಮಾರು 60 ಪಾಲು ಮುಂಗಾಲುಗಳ ಮೇಲೆಯೂ 40 ಪಾಲು ಹಿಂಗಾಲುಗಳ ಮೇಲೆಯೂ ಬೀಳುತ್ತದೆ. ‘ಟ್ರಾಟ್’ ಎಂಬ ಹಗುರವಾದ ಓಟದಲ್ಲಿ ಒಂದು ಮುಂಗಾಲೂ ಅದರ ಎದುರುಪಕ್ಕದ ಹಿಂಗಾಲೂ ಜೊತೆಯಾಗಿ ನೆಲ ಮುಟ್ಟುತ್ತವೆ. ಆರೋಗ್ಯವಂತ ಕುದುರೆಯ ತಲೆ ಈ ಓಟದ ಒಂದು ಆವರ್ತದಲ್ಲಿ ಎರಡು ಬಾರಿ ಸಮನಾಗಿ ಏರಿಳಿಯುವುದು. ಮುಂಗಾಲೊಂದು ನೋಯುತ್ತಿದ್ದರೆ ಈ ಸಮತೆ ಕೆಡುತ್ತದೆ: ನೋವಿನ ಕಾಲು ನೆಲದ ಮೇಲಿರುವಾಗ ತಲೆ ಮೇಲಿರುವುದು; ಒಳ್ಳೆಯ ಕಾಲು ನೆಲದ ಮೇಲಿರುವಾಗ ಕೆಳಗಿಳಿಯುವುದು.

ಇದರಿಂದ ಕುದುರೆಗೆ ಏನು ಲಾಭ? ಲಿಫ್ಟು ಕೆಳಗೆ ಹೊರಟ ಕ್ಷಣದಲ್ಲಿ ನಮ್ಮ ದೇಹ ಹಗುರವಾದಂತೆ ತೋರುವುದನ್ನು ನೆನೆಯಿರಿ. ವೇಗೋತ್ಕರ್ಷವು ಕೆಳಮುಖವಾಗಿದ್ದರೆ ಆಧಾರದ ಮೇಲಿನ ಒತ್ತಡ ಇಳಿಯುತ್ತದೆ. ಆಂದೋಲನದ ಮೇಲ್ತುದಿಯಲ್ಲಿ ತಲೆಯ ವೇಗೋತ್ಕರ್ಷವೂ ಕೆಳಮುಖವೇ. ಕುಂಟಿನಿಂದಾದ ಹೆಚ್ಚುವರಿ ಏರಿಳಿತವನ್ನು ಸರಳ ಸಂಗತ ಚಲನೆಯೆಂದು ಭಾವಿಸೋಣ. ಮಧ್ಯಸ್ಥಾನದಿಂದ ಅದು ಮೇಲಕ್ಕೂ ಕೆಳಕ್ಕೂ 2.5 ಸೆಂಟಿಮೀಟರು, ಆವರ್ತಕಾಲ 0.7 ಸೆಕೆಂಡು ಎಂದಿಟ್ಟುಕೊಂಡರೆ, ಗರಿಷ್ಠ ವೇಗೋತ್ಕರ್ಷವು ಸೆಕೆಂಡಿನ ವರ್ಗಕ್ಕೆ ಸುಮಾರು 2 ಮೀಟರಾಗುತ್ತದೆ. ಕಾಲೇಜು ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕಹಾಕಿ ನೋಡಬಹುದು. ತಲೆ ಕತ್ತುಗಳ ದ್ರವ್ಯರಾಶಿ ದೇಹದ ಹತ್ತರಲ್ಲೊಂದು ಪಾಲು, ಎಂದರೆ 50 ಕಿಲೋಗ್ರಾಂ. ಅದೆಲ್ಲವೂ ಒಟ್ಟಿಗೆ ಚಲಿಸಿದರೆ ಒತ್ತಡವು 100 ನ್ಯೂಟನ್ನಿನಷ್ಟು, ಸುಮಾರು 10 ಕಿಲೋಗ್ರಾಂ ತೂಕದಷ್ಟು, ಕಡಿಮೆಯಾಗುವುದು. ಕತ್ತಿನ ಬುಡ ಅಷ್ಟಾಗಿ ಅಲುಗದಿರುವುದರಿಂದ ನಿಜವಾದ ಲಾಭ ಇದಕ್ಕಿಂತ ಕಡಿಮೆ, ಆದರೂ ಲಾಭವುಂಟು. ನ್ಯೂಟನ್ನನ ನಿಯಮವನ್ನು ಓದದೆಯೇ ಕುದುರೆ ಅದನ್ನು ಬಳಸಿಕೊಳ್ಳುತ್ತದೆ!

ಕುಂಟು ಹೆಚ್ಚಾಗಿದ್ದರೆ ಈ ತಲೆದೂಗು ಯಾರಿಗಾದರೂ ಕಾಣುತ್ತದೆ. ಅಲ್ಪವಾಗಿದ್ದರೆ ಅನುಭವಿಗಳಾದ ಪಶುವೈದ್ಯರಲ್ಲಿಯೂ ಒಮ್ಮತವಿರುವುದಿಲ್ಲ. ವೇಗದ ಚಲನೆಯ ವಿಷಯದಲ್ಲಿ ಕಣ್ಣು ದುರ್ಬಲವಾದ ಉಪಕರಣ. ನಾಗಾಲೋಟದಲ್ಲಿ ಕುದುರೆಯ ನಾಲ್ಕು ಕಾಲುಗಳೂ ನೆಲ ಬಿಟ್ಟಿರುವ ಕ್ಷಣವೊಂದುಂಟೆಂಬುದು 1878ರಲ್ಲಿ ಮೈಬ್ರಿಜ್ ಎಂಬಾತನು ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಚಿತ್ರ ತೆಗೆದಾಗಲೇ ಸ್ಪಷ್ಟವಾಯಿತು. ಇಂದು ತಲೆಗೂ ಸೊಂಟಕ್ಕೂ ಅಂಟಿಸಿದ ಸಣ್ಣ ವೇಗೋತ್ಕರ್ಷಮಾಪಕಗಳು ಎಡಬಲಗಳ ವ್ಯತ್ಯಾಸವನ್ನು ಮಿಲಿಮೀಟರುಗಳಲ್ಲಿ ತಿಳಿಸುತ್ತವೆ. ನೆಲದಲ್ಲಿ ಹುದುಗಿಸಿದ ಬಲಮಾಪಕ ಹಲಗೆಗಳು ಗೊರಸಿನ ಒತ್ತಡವನ್ನು ನೇರವಾಗಿ ಅಳೆಯುತ್ತವೆ.

ಅಳತೆಯೊಂದೇ ಸಾಲದು, ಹೋಲಿಕೆಯೂ ಬೇಕು. ಚಿಕಿತ್ಸೆ ಪಡೆದ ಕುದುರೆಗೆ ವಿಶ್ರಾಂತಿಯೂ ದೊರೆತಿರುತ್ತದೆ. ಎಷ್ಟೋ ಕುಂಟುಗಳು ವಿಶ್ರಾಂತಿಯಿಂದಲೇ ಇಳಿಯುತ್ತವೆ. ಆದುದರಿಂದ ಕುದುರೆಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಬರಿಯ ಸ್ಪರ್ಶವನ್ನೂ ಕೊಡಬೇಕು. ಯಾವುದಕ್ಕೆ ಏನಾಯಿತೆಂಬುದನ್ನು ಅರಿಯದವನು ನಡಿಗೆಯನ್ನು ಅಳೆಯಬೇಕು. ಕೈಚಿಕಿತ್ಸೆಯ ಬಳಿಕ ಬೆನ್ನಿನ ನೋವಿನ ಸೂಕ್ಷ್ಮತೆ ತಗ್ಗಿದುದು ಕೆಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಇಂತಹ ಪ್ರಯೋಗಗಳು ಕೆಲವೇ. ಅವುಗಳಲ್ಲಿ ಬಳಸಿದ ಕುದುರೆಗಳೂ ಕೆಲವೇ. ಕುಂಟನ್ನು ಗುಣಪಡಿಸುವುದೆಂಬ ದೊಡ್ಡ ಮಾತಿಗೆ ಆಧಾರ ಸಾಲದು.

ಇದು ಕೇವಲ ವಾದದ ವಿಷಯವಲ್ಲ. ಗೊರಸಿನಲ್ಲಿ ಕೀವು ತುಂಬಿದ ಕುದುರೆಯೂ, ಮೂಳೆಯಲ್ಲಿ ಸಣ್ಣ ಬಿರುಕುಳ್ಳ ಕುದುರೆಯೂ ನೋವಿನ ಕಾಲನ್ನು ಕಾಪಾಡಲು ಬೆನ್ನನ್ನು ಬಿಗಿಹಿಡಿಯಬಹುದು. ಬೆನ್ನನ್ನಷ್ಟೇ ನೀವಿ ಅದನ್ನು ಓಟಕ್ಕೆ ಬಿಟ್ಟರೆ ಬಿರುಕು ಮುರಿತವಾದೀತು. ಓಡುವ ಕುದುರೆಗೆ ಕಾಲಿನ ಮುರಿತವು ಅನೇಕ ವೇಳೆ ಮರಣವೇ. ಬ್ರಿಟನ್ನಿನ 2015ರ ಆಜ್ಞೆಯು ರೋಗಗ್ರಸ್ತ ಪ್ರಾಣಿಗೆ ಇಂತಹ ಕೈಚಿಕಿತ್ಸೆಯನ್ನು ಪಶುವೈದ್ಯನ ನಿರ್ದೇಶನದಲ್ಲಿಯೇ ಮಾಡಬೇಕೆಂದು ವಿಧಿಸಿರುವುದು ಯುಕ್ತವಾಗಿದೆ. ಮೊದಲು ಕಾರಣ ತಿಳಿಯಬೇಕು, ಅನಂತರ ಕೈ ಇಡಬೇಕು.

ಮುಂದೆ ಎಲ್ಲಿಯಾದರೂ ಓಡುವ ಕುದುರೆಯನ್ನು ಕಂಡಾಗ ಅದರ ಕಾಲನ್ನಲ್ಲ, ತಲೆಯನ್ನು ಗಮನಿಸಿರಿ. ಮೂಕಪ್ರಾಣಿಯು ತನ್ನ ನೋವನ್ನು ಅಲ್ಲಿ ಹೇಳುತ್ತಿರಬಹುದು.