ಬೆಂಗಳೂರು–ಕೋಲ್ಕತ್ತಾ: ದೂರ ಮತ್ತು ಹಾರಾಟದ ಅವಧಿ

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಕೋಲ್ಕತ್ತಾದ ದಮ್‌ದಮ್‌ ವಿಮಾನ ನಿಲ್ದಾಣಕ್ಕೆ ವಾಯುಮಾರ್ಗದಲ್ಲಿ ಸುಮಾರು 1,550 ಕಿ.ಮೀ. ನೇರ ವಿಮಾನಕ್ಕೆ ಸುಮಾರು ಎರಡೂವರೆ ಗಂಟೆ ಬೇಕು. ಸರಾಸರಿ ವೇಗ ಗಂಟೆಗೆ 620 ಕಿ.ಮೀ. ಎತ್ತರದಲ್ಲಿ ವಿಮಾನದ ವೇಗ 800 ಕಿ.ಮೀ. ದಾಟುತ್ತದೆ ನಿಜ. ಆದರೆ ಏರುವ, ಇಳಿಯುವ, ರನ್‌ವೇಗೆ ಸಾಗುವ ಸಮಯವೂ ಲೆಕ್ಕಕ್ಕೆ ಸೇರುತ್ತದೆ. ರೈಲಿನಲ್ಲಾದರೆ ಹೌರಾಕ್ಕೆ ಒಂದು ದಿನಕ್ಕೂ ಹೆಚ್ಚು. ಹೌರಾ ಇರುವುದು ಹೂಗ್ಲಿಯ ಪಶ್ಚಿಮ ದಡದಲ್ಲಿ, ಕೋಲ್ಕತ್ತಾ ಪೂರ್ವ ದಡದಲ್ಲಿ. ಇಲ್ಲಿ ಎಡವುವವರು ಬಹಳ.

ಭೂಗೋಳ ಪರೀಕ್ಷೆಗೆ ಓದುವವರಿಗೆ ದೂರಕ್ಕಿಂತ ರೇಖಾಂಶವೇ ಮುಖ್ಯ. ಬೆಂಗಳೂರು 77.6° ಪೂರ್ವ, ಕೋಲ್ಕತ್ತಾ 88.4° ಪೂರ್ವ. ಒಂದು ಡಿಗ್ರಿಗೆ 4 ನಿಮಿಷದಂತೆ ಸ್ಥಳೀಯ ಸೌರ ಸಮಯದ ಅಂತರ ಸುಮಾರು 43 ನಿಮಿಷ. ಗಡಿಯಾರ ಮಾತ್ರ ಒಂದೇ, ಏಕೆಂದರೆ ಇಡೀ ದೇಶ 82.5° ರೇಖೆಯ ಭಾರತೀಯ ಪ್ರಮಾಣ ಕಾಲವನ್ನೇ ಪಾಲಿಸುತ್ತದೆ; ಆ ರೇಖೆ ಇವೆರಡರ ನಡುವೆ ಹಾದುಹೋಗುತ್ತದೆ. ಪ್ರಮಾಣ ಕಾಲ 1906ರಲ್ಲೇ ಬಂದರೂ ಕೋಲ್ಕತ್ತಾ ತನ್ನದೇ ‘ಕಲ್ಕತ್ತಾ ಸಮಯ’ವನ್ನು 1948ರವರೆಗೆ ಬಿಡಲಿಲ್ಲ.

ದಮ್‌ದಮ್‌ ನಿಲ್ದಾಣಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸ್ ಹೆಸರು ಬಂದದ್ದು 1995ರಲ್ಲಿ. 2001ರಲ್ಲಿ ಕಲ್ಕತ್ತಾ ಕೋಲ್ಕತ್ತಾ ಆಯಿತು. ನಿಲ್ದಾಣದ ಸಂಕೇತ ಇಂದಿಗೂ ಸಿಸಿಯು.